ನನಗೆ ಚಳಿ: ಒಂದು ಚಳಿಗಾಲದ ದಿನಚರಿಯ ಪುಟಗಳು

10 ಜನವರಿ 2018, ಬುಧವಾರ
ಬಿಳಿಚೋಡು

ಚೀಲ ಕಟ್ಟಿ ಮುಗಿಯಿತು. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಹಬ್ಬಕ್ಕೆ ಮೊದಲೇ ಬೆರೆಸಿಟ್ಟ ಎಳ್ಳು-ಬೆಲ್ಲ ಎಲ್ಲವನ್ನೂ ಅವ್ವ ಬೇರೆ ಬೇರೆ ಡಬ್ಬಿಗೆ ತುಂಬಿ, ಬಟ್ಟೆಗಳ ನಡುವೆ ಒತ್ತಿ ಇಟ್ಟಿದ್ದಾಳೆ. ಅಪ್ಪ ಮೆಕ್ಕೆಜೋಳದ ಲೆಕ್ಕ ಮುಗಿಸಿ ಬಂದವನು, ಏನೂ ಮಾತಾಡದೆ ಗೂಡಿನಿಂದ ಆ ಹಳೆಯ ಪುಸ್ತಕ ತೆಗೆದು ನನ್ನ ಕೈಗೆ ಕೊಟ್ಟ.

ಕನ್ನಡದಲ್ಲಿರುವ ರಷ್ಯದ ಮಕ್ಕಳ ಕಥೆಗಳು. ನಾನು ಹುಟ್ಟಿದ ವರ್ಷ ದಾವಣಗೆರೆಯಲ್ಲಿ ಕೊಂಡದ್ದಂತೆ. ಆಗ ಮಾಸ್ಕೋದ ಪ್ರಗತಿ, ರಾದುಗ ಪ್ರಕಾಶನಗಳು ಕನ್ನಡದಲ್ಲೇ ಪುಸ್ತಕ ಅಚ್ಚು ಹಾಕಿ ಕಳಿಸುತ್ತಿದ್ದವು. ನವಕರ್ನಾಟಕದವರು ಅವನ್ನು ನಮ್ಮಂಥ ಊರಿನವರಿಗೂ ಮುಟ್ಟಿಸುತ್ತಿದ್ದರು. ಗಟ್ಟಿ ರಟ್ಟು, ಬಣ್ಣದ ಚಿತ್ರ, ಕೈಗೆಟುಕುವ ಬೆಲೆ. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದ ಮೇಲೆ ಅವು ಬರುವುದು ನಿಂತಿತು. ನಾನು ಅಕ್ಷರ ಕಲಿತದ್ದು ಈ ಪುಸ್ತಕದಲ್ಲೇ. ಕೊನೆಯ ಪುಟದಲ್ಲಿ ಮಾತ್ರ ಓದಲಾಗದ ನಾಲ್ಕು ಸಾಲು ಇದ್ದವು. ಕೆಲವು ಅಕ್ಷರ ಇಂಗ್ಲಿಷಿನ ಹಾಗೆ ಕಂಡರೂ ಇಂಗ್ಲಿಷಲ್ಲ. ಅದೇನೆಂದು ಅಪ್ಪನಿಗೂ ಗೊತ್ತಿರಲಿಲ್ಲ. ಬಿ.ಎಡ್. ಓದಲು ಬೆಂಗಳೂರಿಗೆ ಹೋದಾಗ ಸಂಜೆಯ ರಷ್ಯನ್ ತರಗತಿಗೆ ಸೇರಿದ್ದು ಆ ನಾಲ್ಕು ಸಾಲಿಗಾಗಿ. ಎರಡನೆಯ ತಿಂಗಳಲ್ಲಿ ಒಂದು ಸಾಲು ಒಡೆಯಿತು. ‘ನಾ ಯಿಝಿಕೆ ಕನ್ನಡ.’ ಅಂದರೆ, ಕನ್ನಡ ಭಾಷೆಯಲ್ಲಿ.

ಈಗ ಚೀಟಿ ಎತ್ತಿದ ದುಡ್ಡಿನಲ್ಲಿ ಮಾಸ್ಕೋದ ಮೂರು ವಾರದ ಚಳಿಗಾಲದ ಭಾಷಾ ತರಗತಿಗೆ ಹೊರಟಿದ್ದೇನೆ. ಶಾಲೆಯಲ್ಲಿ ರಜೆ ಮಂಜೂರಾಗಿದೆ. ಎಂಟನೇ ತರಗತಿಯ ಕನ್ನಡವನ್ನು ಸಹೋದ್ಯೋಗಿಯೊಬ್ಬರು ನೋಡಿಕೊಳ್ಳುತ್ತಾರೆ. ಹೊರಡುವ ಮುಂಚೆ ಕಿರುಪರೀಕ್ಷೆಯ ಪತ್ರಿಕೆಗಳನ್ನು ತಿದ್ದಿ ಮುಗಿಸಿದೆ. ಹಿಂದಿನ ಬೆಂಚಿನ ಲಂಬಾಣಿ ತಾಂಡಾದ ಹುಡುಗಿ ಈ ಸಲವೂ ವಿಭಕ್ತಿಯ ಪ್ರಶ್ನೆಯನ್ನು ಖಾಲಿ ಬಿಟ್ಟಿದ್ದಾಳೆ. ‘ಗಮನ ಸಾಲದು’ ಎಂದು ಕೆಂಪು ಶಾಯಿಯಲ್ಲಿ ಬರೆದೆ.

14 ಜನವರಿ, ಭಾನುವಾರ
ಮಾಸ್ಕೋ

ದೆಹಲಿಯಿಂದ ಆರು ಗಂಟೆಯ ಹಾರಾಟ. ಗಡಿಯಾರವನ್ನು ಎರಡೂವರೆ ಗಂಟೆ ಹಿಂದಕ್ಕೆ ತಿರುಗಿಸಿಕೊಂಡೆ. ಊರಲ್ಲಿ ಸಂಕ್ರಾಂತಿಯ ಸಡಗರ. ಇಲ್ಲಿಯೂ ನಿನ್ನೆ ರಾತ್ರಿ ಹಬ್ಬವಿತ್ತು, ‘ಹಳೆಯ ಹೊಸವರ್ಷ’. 1918ರಲ್ಲಿ ಇವರು ಪಂಚಾಂಗ ಬದಲಿಸಿದಾಗ ತಾರೀಖು ಹದಿಮೂರು ದಿನ ಮುಂದಕ್ಕೆ ಹೋಯಿತು. ಬಿಟ್ಟುಹೋದ ಹೊಸವರ್ಷವನ್ನೂ ಜನ ಬಿಡದೆ ಆಚರಿಸುತ್ತಾರೆ. ವಸತಿನಿಲಯದ ಅಡುಗೆಮನೆಯಲ್ಲಿ ಸಿಕ್ಕವರಿಗೆಲ್ಲ ಎಳ್ಳು-ಬೆಲ್ಲ ಕೊಟ್ಟೆ. ಇಟಲಿಯವಳು, ಕೊರಿಯಾದವನು, ಇಬ್ಬರು ಚೀನಾದ ಹುಡುಗಿಯರು. ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ ಎಂದು ರಷ್ಯನ್ನಿನಲ್ಲಿ ಹೇಳಲು ಹೋದೆ. ಅರ್ಧಕ್ಕೇ ನಿಂತಿತು.

ಪುಷ್ಕಿನ್ ಹೆಸರಿನ ಈ ರಷ್ಯನ್ ಭಾಷಾ ಸಂಸ್ಥೆ 1966ರದ್ದು. ಹೊರದೇಶದವರಿಗೆ ರಷ್ಯನ್ ಕಲಿಸಲೆಂದೇ ಕಟ್ಟಿದ್ದು. ಪಾಠ, ಊಟ, ವಸತಿ ಎಲ್ಲ ಒಂದೇ ಆವರಣದಲ್ಲಿ. ಕಿಟಕಿಯಾಚೆ ಬರ್ಚ್ ಮರಗಳು, ಅವುಗಳ ಬುಡಕ್ಕೆ ಮೊಣಕಾಲುದ್ದ ಹಿಮ. ಮಧ್ಯಾಹ್ನ ನಾಲ್ಕೂವರೆಗೆಲ್ಲ ಕತ್ತಲು. ಕಳೆದ ಡಿಸೆಂಬರಿನಲ್ಲಿ ಇಡೀ ತಿಂಗಳಿಗೆ ಈ ಊರಿನವರು ಸೂರ್ಯನನ್ನು ಕಂಡದ್ದು ಆರು ನಿಮಿಷವಂತೆ. ಬಿಸಿಲನ್ನು ಬೈದುಕೊಂಡೇ ಬೆಳೆದ ಜಗಳೂರು ಸೀಮೆಯವಳಿಗೆ ಇದು ನಂಬಲಾಗದ ಮಾತು.

ಚಳಿಗಾಲಕ್ಕೆ ಇವರ ಹೆಸರು ‘ಝಿಮಾ’. ನಮ್ಮ ಬಾಯಲ್ಲಿರುವ ಸಂಸ್ಕೃತದ ‘ಹಿಮ’ವೂ ಈ ‘ಝಿಮಾ’ವೂ ಒಂದೇ ಬೇರಿನ ಮಾತುಗಳು. ಪುರಾಣದಲ್ಲಿ ಮಾತ್ರ ಕೇಳಿದ್ದ ಹಿಮ ಇಲ್ಲಿ ಬೂಟಿನಡಿ ಕರಕರ ಎನ್ನುತ್ತದೆ.

16 ಜನವರಿ, ಮಂಗಳವಾರ

ವಿಭಕ್ತಿ ಶುರುವಾಯಿತು. ರಷ್ಯನ್ನಿನಲ್ಲಿ ಆರು. ಇಟಲಿಯವಳು ತಲೆ ಹಿಡಿದು ಕೂತಳು. ನಾನು ಮಾತ್ರ ಒಳಗೊಳಗೇ ಪ್ರಥಮಾ-ಉ, ದ್ವಿತೀಯಾ-ಅನ್ನು ಎಂದು ಹೇಳಿಕೊಂಡು ಒಂದೊಂದನ್ನೂ ಅದರದರ ಜಾಗದಲ್ಲಿ ಕೂರಿಸಿದೆ. 13ನೇ ಶತಮಾನದಲ್ಲಿ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಹಾಕಿಕೊಟ್ಟ ದಾರಿ ನಮ್ಮ ಹಳ್ಳಿಶಾಲೆಗಳಿಗೆ ಇಳಿದು, ಅಲ್ಲಿಂದ ನನ್ನ ಜೊತೆ ಇಲ್ಲಿಯವರೆಗೂ ಬಂದಿದೆ.

ಆದರೆ ಚತುರ್ಥಿಯ ಹತ್ತಿರ ಬೇರೆಯದೇ ಒಂದು ಘಳಿಗೆ. ಅಧ್ಯಾಪಕಿ ಕಿಟಕಿಯನ್ನು ಒಂದು ಗೇಣು ತೆರೆದರು. ಗಾಳಿ ನುಗ್ಗಿತು. ಎಲ್ಲರೂ ಮೈ ಕುಗ್ಗಿಸಿದೆವು. ಆಗ ಅವರು ಹಲಗೆಯ ಮೇಲೆ ಬರೆದರು: ‘ಮ್ನ್ಯೆ ಖೋಲದ್ನ.’ ಮ್ನ್ಯೆ ಎಂದರೆ ನನಗೆ. ಖೋಲದ್ನ ಎಂದರೆ ಚಳಿ. ನನಗೆ ಚಳಿ. ನಡುವೆ ‘ಇದೆ’ ಎಂಬುದೂ ಇಲ್ಲ, ‘ಆಗುತ್ತಿದೆ’ ಎಂಬುದೂ ಇಲ್ಲ. ಇಂಗ್ಲಿಷಿನಲ್ಲಿ ನಾನೇ ಚಳಿಯಾಗಬೇಕು; ಇಲ್ಲಿ, ನಮ್ಮಲ್ಲಿಯ ಹಾಗೇ, ನಾನು ಸುಮ್ಮನಿರುತ್ತೇನೆ, ಚಳಿಯೇ ನನ್ನ ಬಳಿಗೆ ಬರುತ್ತದೆ. ನನಗೆ ಮೂವತ್ತೊಂದು ವರ್ಷ, ನನಗೆ ಬೇಸರ, ನನಗೆ ಹೋಗಬೇಕು ಎಲ್ಲವೂ ಈ ‘ಮ್ನ್ಯೆ’ಯಲ್ಲೇ. ‘ನನ್ನ ಹತ್ತಿರ ಪುಸ್ತಕ ಇದೆ’ ಎನ್ನುವುದನ್ನೂ ಇವರು ಹತ್ತಿರವೆಂಬ ಮಾತು ಹಚ್ಚಿಯೇ ಹೇಳುತ್ತಾರೆ.

ಈ ವಿಭಕ್ತಿಗೆ ಇವರಿಟ್ಟ ಹೆಸರು ‘ದಾತೇಲ್ನಿ’, ಕೊಡುವುದು. ನಮ್ಮ ವ್ಯಾಕರಣದಲ್ಲಿ ಚತುರ್ಥಿಯ ಅರ್ಥ ಸಂಪ್ರದಾನ. ಅದೂ ಕೊಡುವುದೇ. ಎಂಟು ವರ್ಷದಿಂದ ಚತುರ್ಥಿ ಕಲಿಸುತ್ತಿದ್ದೇನೆ. ಒಂದು ದಿನವೂ ಕಿಟಕಿ ತೆರೆದು ಕಲಿಸಿರಲಿಲ್ಲ.

19 ಜನವರಿ, ಶುಕ್ರವಾರ

ಇವತ್ತು ಇವರ ಕ್ರಿಶೇನಿಯೆ, ಯೇಸು ಜೋರ್ಡನ್ ನದಿಯಲ್ಲಿ ಮಿಂದ ದಿನ. ನಿನ್ನೆ ರಾತ್ರಿ ನಮ್ಮನ್ನು ಒಂದು ಕೊಳದ ಬಳಿ ಕರೆದೊಯ್ದರು. ಹೆಪ್ಪುಗಟ್ಟಿದ ನೀರಿನ ಮೇಲೆ ಬಾವಿಯಂತೆ ಚೌಕ ಕೊರೆದಿದ್ದರು. ಮರದ ಮೆಟ್ಟಿಲು, ಪಕ್ಕದಲ್ಲಿ ದೀಪ. ಮುದುಕರು, ಹುಡುಗರು, ಹೆಂಗಸರು ಸಾಲಿನಲ್ಲಿ ನಿಂತು ಒಬ್ಬೊಬ್ಬರೇ ಇಳಿದು, ಮೂರು ಸಲ ಮುಳುಗಿ, ಶಿಲುಬೆಯ ಗುರುತು ಮಾಡಿಕೊಂಡು ಹಬೆಯಾಡುವ ಮೈಯಲ್ಲಿ ಮೇಲೆ ಬರುತ್ತಿದ್ದರು. ಯಾರೂ ಕೂಗಲಿಲ್ಲ. ಆ ಮೌನ ನನಗೆ ಹಿಡಿಸಿತು.

ನನ್ನ ಮೌನ ಹಾಗಿಲ್ಲ. ಐದು ದಿನವಾಯಿತು, ತರಗತಿಯಲ್ಲಿ ನಾನಾಗಿ ಒಂದು ವಾಕ್ಯ ಆಡಿಲ್ಲ. ಹೇಳಿದ್ದೆಲ್ಲ ತಿಳಿಯುತ್ತದೆ; ಉತ್ತರ ತಲೆಯಲ್ಲಿ ಕಟ್ಟಿಕೊಳ್ಳುವಷ್ಟರಲ್ಲಿ ಪ್ರಶ್ನೆ ಮುಂದಿನವರ ಪಾಲಾಗಿರುತ್ತದೆ. ಗೊತ್ತಾಗದಂತೆ ದಿನಕ್ಕೊಂದು ಸಾಲು ಹಿಂದೆ ಸರಿದು, ಇವತ್ತು ಕೊನೆಯ ಸಾಲಿನಲ್ಲಿ ಕೂತಿದ್ದೆ.

‘ಮಾಸ್ಕೋಗೆ ಹೇಗೆ ಬಂದಿರಿ?’ ಎಂದು ಅಧ್ಯಾಪಕಿ ನನ್ನನ್ನೇ ಕೇಳಿದರು. ಬಾಯಿ ಒಣಗಿತು. ಅವರು ಮುಂದಿನವರ ಕಡೆ ತಿರುಗಲಿಲ್ಲ. ‘ನಿ ಸ್ಪಿಶೀತೆ’ ಎಂದರು, ಅವಸರ ಮಾಡಬೇಡಿ. ಕೈಲಿದ್ದ ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟು, ಕುರ್ಚಿ ಎಳೆದು ಕೂತರು. ತರಗತಿ ಪೂರ್ತಿ ಕಾಯಿತು. ಕೊನೆಗೆ ‘ಯಾ ಪ್ರಿಶ್ಲಾ’ ಎಂದೆ. ಬಂದೆ. ಆದರೆ ಈ ಭಾಷೆಯಲ್ಲಿ ಕಾಲ್ನಡಿಗೆಯಲ್ಲಿ ಬರುವುದಕ್ಕೊಂದು ಕ್ರಿಯಾಪದ, ಬಂಡಿಯಲ್ಲಿ ಬರುವುದಕ್ಕೊಂದು, ಹಾರಿ ಬರುವುದಕ್ಕೆ ಮತ್ತೊಂದು. ಭಾರತದಿಂದ ನಡೆದು ಬಂದೆ ಎಂದು ನಾನು ಹೇಳಿದ್ದಾಗಿತ್ತು.

ಅಧ್ಯಾಪಕಿ ನಗಲಿಲ್ಲ. ‘ನಿಮ್ಮ ನಾಡಿಗೆ ನಮ್ಮವನೊಬ್ಬ ಹಾಗೆಯೇ ಹೋಗಿದ್ದ. ಅವನ ಬರಹದ ಹೆಸರಿನಲ್ಲೂ ನಡೆಯುವ ಮಾತೇ ಇದೆ’ ಎಂದು ಹಲಗೆಯ ಮೇಲೆ ಬರೆದರು: ಅಫನಾಸಿ ನಿಕಿತಿನ್, ಮೂರು ಸಮುದ್ರಗಳಾಚೆಯ ನಡಿಗೆ.

ರಾತ್ರಿ ನಿದ್ದೆ ಬರಲಿಲ್ಲ. ಕಾಡಿದ್ದು ನಿಕಿತಿನ್ ಅಲ್ಲ, ಮೇಜಿನ ಮೇಲಿಟ್ಟ ಆ ಸೀಮೆಸುಣ್ಣ. ನಾನು ಯಾವ ಮಗುವಿಗೆ ಹಾಗೆ ಕಾದಿದ್ದೇನೆ?

21 ಜನವರಿ, ಭಾನುವಾರ

ಖಮೋವ್ನಿಕಿಯಲ್ಲಿರುವ ಟಾಲ್‌ಸ್ಟಾಯ್ ಮನೆಗೆ ಹೋಗಿದ್ದೆ. 1882ರಿಂದ 1901ರವರೆಗೆ ಚಳಿಗಾಲಗಳನ್ನು ಆತ ಕುಟುಂಬದೊಡನೆ ಕಳೆದದ್ದು ಇಲ್ಲಿ. ಮೆಟ್ಟಿಲ ಬಳಿ ತಟ್ಟೆ ಹಿಡಿದು ನಿಂತ ಕರಡಿಯೊಂದು, ಒಳಗೆ ಹುಲ್ಲು ತುಂಬಿದ್ದು. ಬಂದವರು ಹೆಸರಿನ ಚೀಟಿಯನ್ನು ಆ ತಟ್ಟೆಯಲ್ಲಿ ಹಾಕುತ್ತಿದ್ದರಂತೆ. ನಮ್ಮ ಕಡೆಯ ಗುಡ್ಡದಿಂದ ಹೊಲಕ್ಕಿಳಿಯುವ ಕರಡಿ ನೆನಪಾಗಿ ಒಂದು ಹೆಜ್ಜೆ ಹಿಂದಿಟ್ಟೆ.

ಬರೆಯುವ ಕೋಣೆಯ ಪಕ್ಕ ಚಮ್ಮಾರಿಕೆಯ ಹತಾರಗಳಿವೆ. ಆತನೇ ಹೊಲಿದ ಬೂಟುಗಳೂ ಇವೆ. ‘ಪುನರುತ್ಥಾನ’ ಬರೆದದ್ದು ಈ ಮನೆಯಲ್ಲಿ, ಬೂಟು ಹೊಲಿದದ್ದೂ ಇಲ್ಲಿಯೇ. ಕಾಯಕದ ಮಾತು ಕೇಳಿಯೇ ಬೆಳೆದ ನನಗೆ ಆ ಹೊಲಿಗೆಯ ಮುಂದೆ ಬಹಳ ಹೊತ್ತು ನಿಲ್ಲಬೇಕೆನಿಸಿತು. ಎಣ್ಣೆ ಹಾಕಿ ಮೆತ್ತಗಾದ ಚರ್ಮ, ಒಂದೆಡೆ ತುಸು ಅಂಕುಡೊಂಕಾದ ದಾರ. ಕಾದಂಬರಿ ಬರೆದ ಕೈಗೆ ಉಳಿ ಅಷ್ಟು ಸುಲಭಕ್ಕೆ ಒಲಿದಿರಲಾರದು. ಅವನೂ ಯಾರದೋ ಮುಂದೆ ಕೂತು ಅಕ್ಷರಾಭ್ಯಾಸದಂತೆ ಕಲಿತಿರಬೇಕು.

24 ಜನವರಿ, ಬುಧವಾರ

ಬಸ್ ನಿಲ್ದಾಣದಲ್ಲಿ ಟೋಪಿ ತೆಗೆದು ಕೂದಲು ಸರಿ ಮಾಡಿಕೊಳ್ಳುತ್ತಿದ್ದೆ. ಪಕ್ಕದಲ್ಲಿದ್ದ ಅಜ್ಜಿ ಗದರಿದಳು: ‘ಶಾಪ್ಕು ನದ್ಯೇನ್!’ ಟೋಪಿ ಹಾಕ್ಕೋ. ಪರಿಚಯವಿಲ್ಲ, ಪೀಠಿಕೆಯಿಲ್ಲ. ಇಲ್ಲಿಗೆ ಬಂದಾಗಿನಿಂದ ಎಲ್ಲರೂ ನನಗೆ ‘ವೀ’ ಎನ್ನುತ್ತಿದ್ದರು, ಅಂದರೆ ನೀವು. ಅಜ್ಜಿ ಏಕವಚನಕ್ಕೇ ಇಳಿದಿದ್ದಳು. ನಾನು ತಡವರಿಸುವುದು ಕಂಡು ತಾನೇ ಟೋಪಿ ಕಸಿದು ಕಿವಿ ಮುಚ್ಚುವಂತೆ ಎಳೆದು ಕೂರಿಸಿ, ಗಂಟಲ ಪಟ್ಟಿಯನ್ನು ಎರಡು ಸುತ್ತು ಬಿಗಿದಳು. ಅವಳ ಕೈಗವಸಿನ ತುದಿ ಕತ್ತರಿಸಿತ್ತು; ಹೊರಗೆ ಬಂದ ಬೆರಳುಗಳು ಒರಟು, ಉಗುರಿನ ಸಂದಿಯಲ್ಲಿ ಬೀಟ್‌ರೂಟಿನ ಕೆಂಪು. ಯಾವ ಊರು, ಮದುವೆ ಆಗಿದೆಯಾ, ಅಮ್ಮ ಇದ್ದಾಳಾ ಎಂದು ವಿಚಾರಿಸಿದಳು. ಎಲ್ಲದಕ್ಕೂ ಉತ್ತರ ಕೊಟ್ಟೆ! ತಪ್ಪುತಪ್ಪಾಗಿ, ಆದರೆ ನಿಲ್ಲದೆ. ಬಸ್ಸು ಹತ್ತುವಾಗ ‘ದೋಚ್ಕ’ ಎಂದಳು. ಮಗಳೇ. ಸಂಸ್ಕೃತದ ದುಹಿತೃ ಅದರ ದೂರದ ನೆಂಟ.

ಬೈಗುಳದಲ್ಲಿ ಅಕ್ಕರೆಯಿದ್ದರೆ ನಾಲಿಗೆ ಬಿಡುತ್ತದೆ. ಅವಳಿಗೆ ಬೇಕಿದ್ದದ್ದು ನನ್ನ ವ್ಯಾಕರಣವಲ್ಲ, ನನ್ನ ಕಿವಿ ಬೆಚ್ಚಗಿರುವುದು.

28 ಜನವರಿ, ಭಾನುವಾರ
ತ್ವೇರ್

ಮಾಸ್ಕೋದ ಲೆನಿನ್‌ಗ್ರಾದ್ ನಿಲ್ದಾಣದಿಂದ ರೈಲಿನಲ್ಲಿ ಎರಡು ಗಂಟೆಯೊಳಗೇ ತ್ವೇರ್. ನಿಕಿತಿನ್ ಊರು. ವೋಲ್ಗಾ ಹುಟ್ಟುವುದೂ ಈ ಸೀಮೆಯಲ್ಲೇ. ನದಿ ಬಿಳಿಯ ಬಯಲಾಗಿ ಮಲಗಿತ್ತು. ಅದರ ಮೇಲೆ ಅಲ್ಲಲ್ಲಿ ತೂತು ಕೊರೆದು, ಪೆಟ್ಟಿಗೆಯ ಮೇಲೆ ಕೂತು ಗಾಳ ಹಾಕುವವರು. ದಂಡೆಯ ಮೇಲೆ 1955ರಲ್ಲಿ ನಿಲ್ಲಿಸಿದ ನಿಕಿತಿನ್‌ನ ಕಂಚಿನ ಮೂರ್ತಿ. ಕಾಲಡಿ ಕುದುರೆ ಮುಖದ ದೋಣಿ.

ಅವನ ಕಥೆಯಲ್ಲಿ ಕುದುರೆ ದೊಡ್ಡ ಪಾತ್ರ. ವ್ಯಾಪಾರಕ್ಕೆಂದು ವೋಲ್ಗಾದಲ್ಲಿ ಇಳಿದು ಹೊರಟವನನ್ನು ಆಸ್ತ್ರಖಾನ್ ಬಳಿ ದೋಚಿದರು. ಸರಕಿನ ಜೊತೆ ಪುಸ್ತಕಗಳೂ ಹೋದವು. ಬರಿಗೈಯಲ್ಲಿ ಊರಿಗೆ ಮರಳಲಾಗದೆ ಮುಂದಕ್ಕೇ ನಡೆದ. ಹೋರ್ಮುಜ್‌ನಿಂದ ಒಂದು ಗಂಡುಕುದುರೆಯನ್ನು ಹಡಗಿನಲ್ಲಿ ದಾಟಿಸಿ, ಚೌಲ್, ಜುನ್ನರ್ ಮೂಲಕ ಬಹಮನಿಗಳ ರಾಜಧಾನಿಗೆ ಬಂದು ಅಲ್ಲಿ ಮಾರಿದ. ಆ ರಾಜಧಾನಿ ನಮ್ಮ ಬೀದರ್. ಕಾಲ 1470ರ ಆಸುಪಾಸು. ವಾಸ್ಕೊ ಡ ಗಾಮ ಕಲ್ಲಿಕೋಟೆಗೆ ಬರುವುದಕ್ಕಿಂತ ಕಾಲು ಶತಮಾನ ಮೊದಲು. ಬೀದರಿನ ಸುಲ್ತಾನನ ಮೆರವಣಿಗೆ, ಬೆಳ್ಳಿಯ ಪಲ್ಲಕ್ಕಿ, ಕುದುರೆಗೆ ಕಡಲೆ ತಿನ್ನಿಸುವುದು, ಬರಿಗಾಲ ಜನ, ಬಡವರ ಬವಣೆ, ವಿಜಯನಗರದ ಸುದ್ದಿ ಎಲ್ಲವನ್ನೂ ಬರೆದಿಟ್ಟ. ಅಲ್ಲಿ ಖೋಜಾ ಯೂಸುಫ್ ಖೊರಾಸಾನಿ ಎಂಬ ಹೆಸರಿನಲ್ಲಿ ಬಾಳಿದ. ಹಿಂದೂಗಳಿಗೆ ಮಾತ್ರ ತಾನು ಕ್ರೈಸ್ತನೆಂದು ಹೇಳಿಕೊಂಡ. ಆಮೇಲೆ ಅವರು ಅವನಿಂದ ಏನನ್ನೂ ಮುಚ್ಚಿಡಲಿಲ್ಲ.

ನನ್ನ ಮನಸ್ಸು ನಿಂತದ್ದು ಇನ್ನೊಂದು ಕಡೆ. ಪುಸ್ತಕ ಕಳೆದುಕೊಂಡ ಮೇಲೆ ಅವನಿಗೆ ತನ್ನ ಹಬ್ಬಗಳ ದಿನವೇ ತಪ್ಪಿಹೋಯಿತು. ಉಪವಾಸ ಯಾವಾಗ, ಈಸ್ಟರ್ ಯಾವಾಗ ಎಂದು ತಿಳಿಯದೆ, ಬೀದರಿನ ಆಕಾಶದಲ್ಲಿ ಕೃತ್ತಿಕೆ ಎಲ್ಲಿದೆ, ಸಪ್ತರ್ಷಿ ಯಾವ ಕಡೆ ತಲೆ ಹಾಕಿದೆ ಎಂದು ನೋಡಿ ಗುರುತು ಹಾಕಿಕೊಂಡ. ಬರಹದ ನಡುನಡುವೆ ರಷ್ಯನ್ ಬಿಟ್ಟು ತುರ್ಕಿ, ಪಾರಸಿ ಬೆರೆತ ಮಾತಿಗೆ ಹೊರಳುತ್ತಾನೆ. ಕೊನೆಯ ಪ್ರಾರ್ಥನೆಯೂ ಹಾಗೇ ಇದೆ. ಪರಭಾಷೆಯಲ್ಲಿ ವರ್ಷಗಟ್ಟಲೆ ಬಾಳಿದವನಿಗೆ ದೇವರೂ ಆ ಭಾಷೆಯಲ್ಲಿ ಕೇಳಿಸಿಕೊಳ್ಳುತ್ತಾನೆಂಬ ಭರವಸೆ ಬಂದಿರಬೇಕು. ಆದರೂ ಟಿಪ್ಪಣಿ ಬಿಡಲಿಲ್ಲ. ಮೂರು ಸಮುದ್ರ ದಾಟಿ ಹಿಂತಿರುಗುವ ದಾರಿಯಲ್ಲಿ, ಸ್ಮೊಲೆನ್ಸ್ಕ್ ಮುಟ್ಟುವ ಮುಂಚೆ ತೀರಿಕೊಂಡ. ತ್ವೇರ್ ಸೇರಲಿಲ್ಲ. 1475ರಲ್ಲಿ ಮಾಸ್ಕೋ ಸೇರಿದ್ದು ಅವನ ಬರಹ ಮಾತ್ರ.

ಅವ್ವ ಕೊಟ್ಟ ಎಳ್ಳು-ಬೆಲ್ಲದಲ್ಲಿ ಕೊನೆಯ ಹಿಡಿ ಉಳಿದಿತ್ತು. ದೋಣಿಯ ಅಂಚಿನಲ್ಲಿ, ಹಿಮದ ಮೇಲೆ ಇಟ್ಟು ಕೈಮುಗಿದು ಬಂದೆ.

4 ಫೆಬ್ರುವರಿ, ಭಾನುವಾರ
ಮಾಸ್ಕೋ

ನಿನ್ನೆಯಿಂದ ಒಂದೇ ಸಮನೆ ಹಿಮ. ಒಂದು ತಿಂಗಳಿಗಾಗುವಷ್ಟು ಎರಡೇ ದಿನದಲ್ಲಿ ಬಿದ್ದಿದೆಯಂತೆ. ಊರ ತುಂಬ ಎರಡು ಸಾವಿರಕ್ಕೂ ಹೆಚ್ಚು ಮರ ಉರುಳಿವೆ. ನಾಳೆ ಮಕ್ಕಳು ಶಾಲೆಗೆ ಬರಲೇಬೇಕೆಂದಿಲ್ಲ ಎಂದು ಮೇಯರ್ ಹೇಳಿದ್ದಾರೆ. ಅಂಗಳದಲ್ಲಿ ನಿಂತ ಕಾರುಗಳು ಬಣವೆಗಳಂತೆ ಕಾಣುತ್ತವೆ. ಬೆಳಗಿನಿಂದ ಸಲಿಕೆಯ ಸದ್ದು.

ಸಂಜೆ ಅಪ್ಪನಿಗೆ ವಿಡಿಯೊ ಕರೆ ಮಾಡಿ ಕಿಟಕಿಯಾಚೆ ತೋರಿಸಿದೆ. ಬಹಳ ಹೊತ್ತು ನೋಡಿದ.

‘ಇಷ್ಟೂ ಕರಗಿದ್ರೆ ನೀರು ಎತ್ತ ಹೋಗ್ತೈತವ್ವ?’

‘ಮಾಸ್ಕೋ ಹೊಳೆಗೆ, ಅಲ್ಲಿಂದ ಓಕಾ ಹೊಳೆಗೆ, ಆಮೇಲೆ ವೋಲ್ಗಾಕ್ಕೆ ಅಪ್ಪ.’

‘ಪುಣ್ಯವಂತರು’ ಎಂದ. ಭದ್ರಾ ಮೇಲ್ದಂಡೆಯ ನೀರು ಬರುತ್ತದೆಂದು ಕಾದು ಕೂತ ಸೀಮೆಯ ರೈತ ಅವನು. ಹೊಲದ ಮೇಲೆ ದಪ್ಪ ಹಿಮ ಬಿದ್ದರೆ ಕಣಜ ತುಂಬುತ್ತದೆಂದು ಇಲ್ಲೊಂದು ಗಾದೆಯಿದೆ. ಹಿಮ ಕಂಬಳಿಯಂತೆ ಹೊದ್ದು ಗೋಧಿಯ ಬೇರನ್ನು ಚಳಿಯಿಂದ ಕಾಯುತ್ತದೆ ಎಂದು ಹೇಳಿದೆ. ಅಪ್ಪನ ಮುಖ ಅರಳಿತು. ‘ಅದನ್ನ ಅವರ ಮಾತಲ್ಲೇ ಹೇಳು’ ಎಂದ. ಹೇಳಿದೆ. ಎರಡು ಸಲ ಹೇಳಿಸಿಕೊಂಡ.

ಪಾಠ ಮುಗಿದಿದೆ. ಮೂರು ವಾರದಲ್ಲಿ ಭಾಷೆ ಬರುವುದಿಲ್ಲ. ಬಂದದ್ದೇನು ಎಂದು ಕೇಳಿಕೊಂಡೆ. ಮಾತು ಬಾರದವರ ಜಾಗದಲ್ಲಿ ಕೂತು ಬಂದೆ. ಅಲ್ಲಿ ಕೂತವರೆಲ್ಲ ಗಮನವಿಲ್ಲದವರಲ್ಲ. ಅವರ ಗಮನ ಬೇರೆ ಎಲ್ಲರಿಗಿಂತ ಹೆಚ್ಚು, ಪ್ರತಿ ಮಾತನ್ನೂ ಎರಡು ಸಲ ಹೊರುತ್ತಿರುತ್ತಾರೆ.

12 ಫೆಬ್ರುವರಿ, ಸೋಮವಾರ
ಬಿಳಿಚೋಡು

ತರಗತಿಗೆ ಹೋಗುವಾಗ ಆ ಹುಡುಗಿ ಇರುತ್ತಾಳೋ ಇಲ್ಲವೋ ಎಂಬ ಅಳುಕು. ಈ ದಿನಗಳಲ್ಲಿ ತಾಂಡಾದ ಎಷ್ಟೋ ಮನೆಗಳಿಗೆ ಬೀಗ ಬಿದ್ದಿರುತ್ತದೆ, ಕಾಫಿ ಕುಯ್ಲಿಗೆಂದು ಚಿಕ್ಕಮಗಳೂರು ಕಡೆ ಹೋಗಿರುತ್ತಾರೆ. ಇದ್ದಳು. ಅದೇ ಕೊನೆಯ ಬೆಂಚು.

ಮಕ್ಕಳಿಗೆ ರಷ್ಯನ್ ಅಂಕಿ ಹೇಳಿಕೊಟ್ಟೆ. ಮೂರಕ್ಕೆ ತ್ರಿ, ನಾಲ್ಕಕ್ಕೆ ಚಿತೀರೆ, ಹತ್ತಕ್ಕೆ ದ್ಯೇಸಿತ್. ಆಮೇಲೆ ಹಿಂದಿನ ಬೆಂಚಿಗೆ ಹೋಗಿ ಅವಳ ಪಕ್ಕ ಕೂತು, ನಿಮ್ಮ ಮಾತಲ್ಲಿ ಹೇಗೆ ಎಂದು ಕೇಳಿದೆ. ತಲೆ ತಗ್ಗಿಸಿದಳು. ಸೀಮೆಸುಣ್ಣವನ್ನು ಬೆಂಚಿನ ಮೇಲಿಟ್ಟೆ. ‘ಅವಸರ ಇಲ್ಲವ್ವ’ ಎಂದೆ. ತರಗತಿ ಗಲಾಟೆ ಶುರು ಮಾಡಿತು, ಮತ್ತೆ ತಾನಾಗಿ ಸುಮ್ಮನಾಯಿತು.

‘ತೀನ್. ಚಾರ್. ದಸ್.’

ಎದ್ದು ಹೋಗಿ ಹಲಗೆಯ ಮೇಲೆ ರಷ್ಯನ್ ಪದಗಳ ಪಕ್ಕದಲ್ಲೇ ಬರೆದೆ. ಮಕ್ಕಳು ಅತ್ತಿತ್ತ ನೋಡಿದರು. ಹೋಲಿಕೆ ಅವರಿಗೇ ಕಂಡಿತು. ನಮ್ಮ ಮೂರು, ನಾಲ್ಕು, ಹತ್ತು ಆ ಸಾಲಿನಲ್ಲಿ ನೆಂಟಸ್ತಿಕೆಯಿಲ್ಲದೆ ದೂರ ನಿಂತವು. ಕನ್ನಡ ದ್ರಾವಿಡ ಮನೆಯ ಮಗಳು. ಲಂಬಾಣಿ ಮಾತಿನ ಮನೆತನ ಬೇರೆ. ಅದರ ಕವಲುಗಳು ಹಿಂದಿ, ಪಾರಸಿ ದಾಟಿ ವೋಲ್ಗಾದ ದಂಡೆಯವರೆಗೂ ಹೋಗಿವೆ. ನಾನು ಚೀಟಿ ಎತ್ತಿ, ವಿಮಾನ ಹತ್ತಿ ಹುಡುಕಿಕೊಂಡು ಹೋದ ಭಾಷೆಯ ದೂರದ ಬಂಧು ಎಂಟು ತಿಂಗಳಿಂದ ನನ್ನ ಕೊನೆಯ ಬೆಂಚಿನಲ್ಲೇ ಕೂತಿತ್ತು. ಅದನ್ನು ಮಕ್ಕಳಿಗೆ ಹೇಳಿದೆ. ಅವಳಿಗೂ ಕೇಳಲೆಂದು ತುಸು ಗಟ್ಟಿಯಾಗಿಯೇ ಹೇಳಿದೆ.

ಆಮೇಲೆ ಕಿಟಕಿ ತೆರೆದೆ. ಇಲ್ಲಿ ಬಂದದ್ದು ಚಳಿಯಲ್ಲ, ಬಿಸಿಲು. ‘ನನಗೆ ಸೆಕೆ’ ಎಂದು ಬರೆದು ‘ಗೆ’ ಕೆಳಗೆ ಗೆರೆ ಎಳೆದೆ. ಸೆಕೆ ಯಾರಿಗೆ ಬಂತು? ನನಗೆ, ನಿನಗೆ, ಅವಳಿಗೆ ಎಂದು ಮಕ್ಕಳು ಕೂಗಿದರು. ಕೊನೆಯ ಬೆಂಚಿನಿಂದಲೂ ಒಂದು ‘ನನಗೆ’ ಬಂತು.

ಗಂಟೆ ಹೊಡೆದ ಮೇಲೆ ಅವಳು ಮೇಜಿನ ಹತ್ತಿರ ಬಂದಳು. ಅಮ್ಮನಿಗೆ ಅವರ ಮಾತಲ್ಲಿ ‘ಯಾಡಿ’ ಎನ್ನುತ್ತಾರೆಂದು ತಾನಾಗಿಯೇ ಹೇಳಿದಳು. ನಾನು ಅಂದು ನೋಡಿದೆ.

‘ಹಂಗಲ್ಲ ಟೀಚರ್’ ಎಂದಳು. ‘ಇನ್ನೊಂದ್ಸಲ ಹೇಳ್ರಿ.’

ಕಾಯುತ್ತಾ ನಿಂತಳು.